ನೋವಿಲ್ಲವೆಂದು ಸುಮ್ಮನಿರಬೇಡಿ

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿ ಡಾಕ್ಟರಮ್ಮ ಹೇಳಿದರು, 'ಪ್ಲಾಸೆಂಟಾ, ಅಂದರೆ ಮಾಸು ಸ್ವಲ್ಪ ಕೆಳಗಿದೆ. ಹೆದರಬೇಡಿ, ಗರ್ಭಕೋಶ ಬೆಳೆದಂತೆ ಹೆಚ್ಚಿನವರಿಗೆ ಅದು ಮೇಲೆ ಸರಿಯುತ್ತದೆ.'

ನನಗೆ ಸರಿಯಲಿಲ್ಲ. 32ನೇ ವಾರದಲ್ಲೂ ಗರ್ಭಕೋಶದ ಬಾಯಿಂದ 12 ಮಿಲಿಮೀಟರ್ ದೂರದಲ್ಲೇ ಇತ್ತು. 20 ಮಿಲಿಮೀಟರ್ ಒಳಗಿದ್ದರೆ ಯಾವಾಗ ಬೇಕಾದರೂ ರಕ್ತಸ್ರಾವ ಆಗಬಹುದು, ಆಸ್ಪತ್ರೆಗೆ ಹತ್ತಿರದಲ್ಲೇ ಇರಿ ಎಂದರು.

ನನ್ನ ತವರು ತೀರ್ಥಹಳ್ಳಿ ಕಡೆಯ ಒಂಟಿಮನೆ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದೊಯ್ಯಬೇಕೆಂದು ಅಮ್ಮ ಬಾಣಂತಿ ಕೋಣೆಗೆ ಸುಣ್ಣವನ್ನೂ ಬಳಿಸಿದ್ದರು. ನಾನು ಶಿವಮೊಗ್ಗದಲ್ಲೇ ಉಳಿಯುತ್ತೇನೆ ಎಂದಾಗ ಮುಖ ಸಣ್ಣದಾಯಿತು. ಕೊನೆಗೆ ಉಪ್ಪಿನಕಾಯಿ ಭರಣಿ ಹಿಡಿದು ಅವರೇ ಬಂದರು.

34ನೇ ವಾರದ ಒಂದು ರಾತ್ರಿ ಎದ್ದಾಗ ಸೀರೆಯೆಲ್ಲ ಒದ್ದೆ. ಕೆಂಪು ರಕ್ತ. ಒಂಚೂರೂ ನೋವಿಲ್ಲ. 'ನೋವಿಲ್ಲ ಅಂದ್ರೆ ಏನೂ ಆಗಲ್ಲ ಕಣೇ, ಬೆಳಗಾಗ್ಲಿ' ಎಂದರು ಅಮ್ಮ. ಆದರೆ ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: ಈ ರಕ್ತಸ್ರಾವ ನೋವಿಲ್ಲದೆಯೇ ಬರುತ್ತದೆ. ಸಿದ್ಧವಾಗಿಟ್ಟಿದ್ದ ಚೀಲ ಹಿಡಿದು ಹೊರಟೇಬಿಟ್ಟೆವು.

ಮಗುವಿನ ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್ ಕೊಟ್ಟರು. ನನ್ನ ಗುಂಪಿನ ರಕ್ತ ಕಾದಿರಿಸಿದರು. ಸ್ರಾವ ನಿಂತಿತಾದರೂ ಐದು ದಿನ ಅಲ್ಲೇ ಇಟ್ಟುಕೊಂಡರು. 37ನೇ ವಾರದಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದಳು.

ನಿಮಗೂ ಹೀಗೆಂದು ಹೇಳಿದ್ದರೆ ಇಷ್ಟು ನೆನಪಿಡಿ. ಡಾಕ್ಟರು ಹೇಳದ ಹೊರತು ದಿನವಿಡೀ ಮಲಗಿರಬೇಕಿಲ್ಲ; ಭಾರ ಎತ್ತುವುದು, ದೂರದ ಪ್ರಯಾಣ, ಲೈಂಗಿಕ ಸಂಪರ್ಕ ಬೇಡ. ರಕ್ತಹೀನತೆ ಆಗದಂತೆ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಅದರ ಜತೆ ಕಾಫಿ, ಟೀ ಕುಡಿಯಬೇಡಿ, ನಿಂಬೆ ಪಾನಕ ಒಳ್ಳೆಯದು. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿ ಒಂದೇ ಚೀಲದಲ್ಲಿರಲಿ. ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಒಳಪರೀಕ್ಷೆಗೆ ಮೊದಲೇ 'ಮಾಸು ಕೆಳಗಿದೆ' ಎಂದು ಹೇಳಿ. ರಕ್ತ ಕಂಡರೆ, ಸ್ವಲ್ಪವೇ ಇರಲಿ, ತಡಮಾಡದೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಮುಖ್ಯವಾಗಿ, ಮನೆಯ ಹಿರಿಯರನ್ನೂ ಒಮ್ಮೆ ಡಾಕ್ಟರ ಬಳಿ ಕರೆದೊಯ್ಯಿರಿ. ಅಮ್ಮನನ್ನು ನಾನು ಕರೆದೊಯ್ದಿರಲಿಲ್ಲ. ಈಗ ಮೊಮ್ಮಗಳಿಗೆ ಎಣ್ಣೆ ತಿಕ್ಕುತ್ತಾ ಊರಿನ ಬಸುರಿಯರಿಗೆಲ್ಲ ಫೋನಿನಲ್ಲಿ ಅವರೇ ಹೇಳುತ್ತಾರೆ, 'ನೋವಿಲ್ಲ ಅಂತ ಬೆಳಗಿನ ತನಕ ಕಾಯ್ಬೇಡಿ.'