ರೈತರ ಮನೆಗೆ ಬೆಳಕು ತಂದ ಸಭಾಸದ

ದೊರೆತ ಅಧಿಕಾರವನ್ನು ಉಳಿಸಿಕೊಳ್ಳುವುದರಲ್ಲಿಯೇ ಆಯುಷ್ಯವನ್ನು ಸವೆಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಸರಿಯೆಂದು ಕಂಡುದಕ್ಕಾಗಿ ಆ ಅಧಿಕಾರವನ್ನೇ ಪಣಕ್ಕೊಡ್ಡಿ, ಆದರೂ ನಾಲ್ವತ್ತು ವರ್ಷಗಳ ಕಾಲ ಜನರ ವಿಶ್ವಾಸವನ್ನು ಪಡೆದವರು ವಿರಳ. ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದ ಜಾರ್ಜ್ ನಾರಿಸ್ ಮಹಾಶಯರು ಅಂತಹವರಲ್ಲೊಬ್ಬರು.

ನೆಬ್ರಾಸ್ಕಾ ಮೆಕ್ಕೆಜೋಳ, ಗೋಧಿ, ದನಕರುಗಳ ಬಯಲುನಾಡು. ನಾರಿಸರು ಜನಿಸಿದುದು 1861ರಲ್ಲಿ, ಒಹಾಯೋ ಸಂಸ್ಥಾನದ ರೈತಕುಟುಂಬವೊಂದರಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಹೊಲಗೆಲಸ ಮಾಡಿ, ಉಪಾಧ್ಯಾಯರಾಗಿ ದುಡಿದು, ನ್ಯಾಯಶಾಸ್ತ್ರವನ್ನು ಓದಿ, 1885ರಲ್ಲಿ ನೆಬ್ರಾಸ್ಕಾಕ್ಕೆ ಬಂದು ವಕೀಲರಾದರು. ಕೆಲಕಾಲ ನ್ಯಾಯಾಧೀಶರಾಗಿದ್ದು, 1903ರಲ್ಲಿ ರಾಷ್ಟ್ರದ ಪ್ರತಿನಿಧಿಸಭೆಯನ್ನೂ, 1913ರಲ್ಲಿ ಸೆನೆಟ್ ಸಭೆಯನ್ನೂ ಪ್ರವೇಶಿಸಿದರು.

ಪ್ರತಿನಿಧಿಸಭೆಯ ಅಧ್ಯಕ್ಷ ಕ್ಯಾನನ್ ಎಂಬವರು ನಾರಿಸರ ಪಕ್ಷದವರೇ. ಯಾವ ಮಸೂದೆ ಚರ್ಚೆಗೆ ಬರಬೇಕೆಂಬುದು ಅವರ ಮುಷ್ಟಿಯಲ್ಲಿತ್ತು. 1910ರಲ್ಲಿ ನಾರಿಸರು ನಿರ್ಣಯವೊಂದನ್ನು ಮಂಡಿಸಿ, ಆ ನಿರಂಕುಶತೆಯನ್ನು ಮುರಿದರು. 1917ರಲ್ಲಿ ರಾಷ್ಟ್ರವು ಮಹಾಯುದ್ಧಕ್ಕೆ ಇಳಿಯಲು ಹೊರಟಾಗ, ಸೆನೆಟ್ಟಿನಲ್ಲಿ ಅದನ್ನು ವಿರೋಧಿಸಿ ಮತವಿತ್ತ ಆರು ಮಂದಿಯಲ್ಲಿ ಅವರೂ ಒಬ್ಬರು. ದೇಶದ್ರೋಹಿಯೆಂಬ ನಿಂದೆಯನ್ನು ಸಹಿಸಬೇಕಾಯಿತು. ಆದರೆ ಮರುವರ್ಷವೇ ನೆಬ್ರಾಸ್ಕಾದ ಜನರು ಅವರನ್ನು ಮರಳಿ ಚುನಾಯಿಸಿದರು.

ಅವರ ಅತ್ಯಂತ ದೀರ್ಘವಾದ ಹೋರಾಟವು ತಮ್ಮ ಸಂಸ್ಥಾನಕ್ಕೆ ಸೇರದ ಟೆನ್ನೆಸೀ ನದಿಯದು. ಅಲ್ಲಿ ಸರಕಾರವು ಕಟ್ಟಿಸಿದ ಅಣೆಕಟ್ಟೆಯನ್ನು ಖಾಸಗಿ ಧನಿಕರಿಗೆ ಒಪ್ಪಿಸದೆ, ಪ್ರಜೆಗಳ ಹಿತಕ್ಕಾಗಿಯೇ ನಡೆಯಿಸಬೇಕೆಂಬುದು ಅವರ ವಾದ. ಅವರ ಮಸೂದೆಯನ್ನು 1928ರಲ್ಲಿ ರಾಷ್ಟ್ರಾಧ್ಯಕ್ಷ ಕೂಲಿಜ್ ತಡೆದರು; 1931ರಲ್ಲಿ ಹೂವರ್ ನಿರಾಕರಿಸಿದರು. ನಾರಿಸರು ಬೇಸರಿಸಲಿಲ್ಲ. 1933ರಲ್ಲಿ ರೂಸ್‌ವೆಲ್ಟರ ಕಾಲದಲ್ಲಿ ಟೆನ್ನೆಸೀ ಕಣಿವೆಯ ಪ್ರಾಧಿಕಾರವು ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ 1948ರಲ್ಲಿ ಏರ್ಪಟ್ಟ ದಾಮೋದರ ಕಣಿವೆಯ ನಿಗಮಕ್ಕೆ ಇದೇ ಮಾದರಿ.

ಆಗಿನ್ನೂ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುದ್ದೀಪವಿತ್ತು. ಮನೆಗಳು ದೂರದೂರವಿದ್ದುದರಿಂದ, ತಂತಿಯೆಳೆದ ವೆಚ್ಚವು ಹುಟ್ಟದೆಂದು ಕಂಪೆನಿಗಳು ಹಿಂಜರಿಯುತ್ತಿದ್ದುವು. ಗೃಹಿಣಿಯು ನೀರನ್ನು ಕೈಯಿಂದ ಸೇದಿ ಹೊತ್ತು, ಒಲೆಯ ಮೇಲೆ ಕಾಯಿಸಿದ ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆ ತೀಡಿ, ಸೀಮೆಎಣ್ಣೆಯ ದೀಪದಲ್ಲಿ ಹೊಲಿಗೆ ಹಾಕಬೇಕಾಗಿತ್ತು. ನಾರಿಸರೂ ರೇಬರ್ನರೂ ಮುಂದಾಗಿ 1936ರಲ್ಲಿ ಗ್ರಾಮವಿದ್ಯುದೀಕರಣದ ಕಾಯಿದೆಯನ್ನು ತಂದರು. ರೈತರು ಸಹಕಾರ ಸಂಘಗಳನ್ನು ಕಟ್ಟಿ, ಸರಕಾರದಿಂದ ಸುಲಭ ಬಡ್ಡಿಯ ಸಾಲ ಪಡೆದು, ತಮ್ಮ ತಂತಿಯನ್ನು ತಾವೇ ಎಳೆದುಕೊಂಡರು.

1942ರ ಚುನಾವಣೆಯಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಅದೇ ಜನರು ಅವರನ್ನು ಸೋಲಿಸಿದರು. 1944ರಲ್ಲಿ ಅವರು ತಮ್ಮ ಊರಾದ ಮೆಕ್‌ಕುಕ್‌ನಲ್ಲಿ ತೀರಿಕೊಂಡರು. ಪದವಿಯು ಜನರು ಕೊಟ್ಟುದು. ಜನರೇ ಮರಳಿ ಪಡೆದರು. ಆದರೆ ಹೊಲದ ಮನೆಯಲ್ಲಿ ಹೊತ್ತಿದ ದೀಪವನ್ನು ಯಾವ ಚುನಾವಣೆಯೂ ಆರಿಸಲಿಲ್ಲ.