ಬೆಟ್ಟವೇರುವವರಿಗೊಂದು ಮುಕ್ಕಾಲಿ

ಅರುವತ್ತರ ಅಂಚಿನಲ್ಲಿರುವವನಿಗೆ ಬೆಟ್ಟವನ್ನೇರುವುದಕ್ಕಿಂತಲೂ, ಏರಿದಮೇಲೆ ನೆಲದಲ್ಲಿ ಕುಳಿತು ಮರಳಿ ಏಳುವುದೇ ಪ್ರಯಾಸಕರವಾದುದು. ಮಲೆನಾಡಿನಲ್ಲಾದರೋ ಮಳೆ ನಿಂತಮೇಲೂ ಬಹುದಿನ ನೆಲದ ತೇವವಾರದು. ತರಗೆಲೆಯ ಮೇಲೆ ಕುಳಿತವರಿಗೆ ಇಂಬಳಗಳು ತಡವಿಲ್ಲದೆ ಹತ್ತುವುವು. ೧,೩೪೩ ಮೀಟರು ಎತ್ತರದ ಕೊಡಚಾದ್ರಿಗೆ ನಡೆದುಹೋಗುವವನು ಬುತ್ತಿ ಹೊದಿಕೆಗಳೊಡನೆ ಉಕ್ಕಿನ ಮಡಿಸುವ ಕುರ್ಚಿಯನ್ನೂ ಹೊರುವುದೆಂತು? ಹಗುರವಾದ ಅಲ್ಯುಮಿನಿಯಮ್ ಕುರ್ಚಿಗಳುಂಟು. ಆದರೆ ನಿವೃತ್ತಿವೇತನದವನಿಗೆ ಅವುಗಳ ಬೆಲೆಯೇ ಭಾರ. ಆದುದರಿಂದ ಮನೆಯಲ್ಲಿಯೇ ಸಿದ್ಧಪಡಿಸಬಹುದಾದ ಮುಕ್ಕಾಲಿಯೊಂದರ ಕ್ರಮವನ್ನು ವಾಚಕರಿಗೆ ತಿಳಿಸುವೆನು.

ನಾಲ್ಕು ಕಾಲಿನ ಪೀಠವು ಏರುತಗ್ಗಿನ ನೆಲದಲ್ಲಿ ಒಂದು ಕಾಲನ್ನೆತ್ತಿಕೊಂಡು ಕುಂಟುವುದು. ಮೂರು ಕಾಲಿನದಕ್ಕೆ ಈ ದೋಷವಿಲ್ಲ; ಮೂರು ಬಿಂದುಗಳು ಎಲ್ಲಿದ್ದರೂ ಒಂದೇ ಸಮತಲದಲ್ಲಿರುವುವೆಂಬುದು ರೇಖಾಗಣಿತದ ಮಾತು. ತ್ರಿಪದಿಯಲ್ಲಿ ಸರ್ವಜ್ಞನು ಲೋಕವನ್ನೇ ಕೂರಿಸಿದನು. ನಮಗೆ ಒಬ್ಬನು ಕುಳಿತರೆ ಸಾಕು!

ಒಂದಂಗುಲ ದಪ್ಪದ ಗಟ್ಟಿ ಬಿದಿರಿನಲ್ಲಿ ೨೪ ಅಂಗುಲ ಉದ್ದದ ಮೂರು ಗಳಗಳನ್ನು ಕತ್ತರಿಸಿಕೊಳ್ಳಬೇಕು. ಪ್ರತಿಯೊಂದರ ಮೇಲ್ತುದಿಯ ಬಳಿ ಗಿಣ್ಣಿರಲಿ. ಇಲ್ಲವಾದರೆ ತುದಿ ಸೀಳುವುದು. ಬಿದಿರನ್ನು ಕೊರೆದು ಬೋಲ್ಟು ಹಾಕುವ ಆಸೆಯೂ ಬೇಡ. ಅದು ನಾರಿನ ಗುಂಟ ಬಿರಿಯುತ್ತದೆ. ಗಳಗಳನ್ನು ಒತ್ತಾಗಿರಿಸಿ, ನಡುವಿನಲ್ಲಿ ಹುರಿಯನ್ನು ಒಂದರ ಮೇಲೆ, ಮತ್ತೊಂದರ ಕೆಳಗೆ ಹೀಗೆ ಹೆಣೆಯುತ್ತ ಆರು ಸುತ್ತು ಸುತ್ತಬೇಕು. ಬಳಿಕ ಗಳಗಳ ಸಂದಿಯಲ್ಲಿ ಎರಡೆರಡು ಸುತ್ತು ಬಿಗಿದು ಗಂಟಿಕ್ಕಬೇಕು. ಅತಿಯಾಗಿ ಬಿಗಿದರೆ ಕಾಲುಗಳು ಹರಡವು; ಸಡಿಲವಾದರೆ ಜಾರುವುವು. ಒಂದೆರಡು ಸಲ ಬಿಚ್ಚಿ ಕಟ್ಟಿದಮೇಲೆ ಕೈಗೆ ಹದ ತಿಳಿಯುವುದು.

ಇನ್ನು ಆಸನ. ಮುಖ್ಯವಾದುದು ಇದೇ. ಕುಳಿತವನ ಭಾರಕ್ಕೆ ಗಳಗಳ ತಲೆಗಳು ಹೊರಕ್ಕೆ ಸರಿಯಲೆಳಸುತ್ತವೆ. ಅವನ್ನು ತಡೆಹಿಡಿಯುವುದು ಬಟ್ಟೆಯೊಂದೇ. ಈ ಮಾತನ್ನು ನಾನು ಪೆಟ್ಟು ತಿಂದು ಕಲಿತೆನು. ಮೊದಲನೆಯ ಮುಕ್ಕಾಲಿಗೆ ಹಳೆಯ ಚೀಲದ ಬಟ್ಟೆಯನ್ನು ಒಂದೇ ಹೊಲಿಗೆಯಲ್ಲಿ ಮುಗಿಸಿ, ಮನೆಯಲ್ಲಿ ಪರೀಕ್ಷಿಸದೆಯೇ ಬೆಟ್ಟಕ್ಕೆ ಒಯ್ದಿದ್ದೆನು. ಬುತ್ತಿ ಬಿಚ್ಚುವ ಹೊತ್ತಿಗೆ ಒಂದು ಮೂಲೆ ಹರಿಯಿತು. ಕಲ್ಲಿನ ಮೇಲೆ ಬಿದ್ದು, ಹದಿನೈದು ದಿನ ಸೊಂಟ ಹಿಡಿದುಕೊಂಡಿದ್ದೆನು. ಇನ್ನು ಬೆಟ್ಟದ ಮಾತೆತ್ತಕೂಡದೆಂದು ಮನೆಯವರು ಕಟ್ಟಪ್ಪಣೆ ಮಾಡಿದರು.

ಆದುದರಿಂದ ದಪ್ಪ ಕ್ಯಾನ್ವಾಸಿನಲ್ಲಿ, ಅಂಚು ಮಡಿಸಿದಮೇಲೆ ಪ್ರತಿ ಬದಿಯೂ ೧೪ ಅಂಗುಲ ಬರುವಂತೆ ಸಮತ್ರಿಕೋಣವನ್ನು ಕತ್ತರಿಸಿರಿ. ಮೂರು ಮೂಲೆಗಳಲ್ಲಿಯೂ ಕೆಳಮಗ್ಗುಲಿಗೆ ಅದೇ ಬಟ್ಟೆಯ ತುಂಡನ್ನು ಹೊಲಿದು, ನಡುವಿನ ಕಡೆಗೆ ಬಾಯಿರುವ ಜೇಬುಗಳನ್ನು ಮಾಡಿರಿ. ಗಳಗಳ ತಲೆಗಳು ಅವುಗಳೊಳಗೆ ಕೂರತಕ್ಕವು. ಅಂಚಿನ ಸುತ್ತಲೂ ನವಾರಿನ ಪಟ್ಟಿಯನ್ನು ಜೇಬುಗಳ ಮೇಲೆಯೇ ಹಾಯಿಸಿ ಎರಡು ಸಾಲು ಹೊಲಿಸಿರಿ. ನಮ್ಮ ಬೀದಿಯ ಚಪ್ಪಲಿ ಹೊಲಿಯುವವನು ದರ್ಜಿಗಿಂತ ಚೆನ್ನಾಗಿ ಹೊಲಿದುಕೊಟ್ಟನು. ಕೆಸರಿನಲ್ಲಿ ಹೂಳದಂತೆ ಕಾಲಿನ ತುದಿಗಳಿಗೆ ಊರುಗೋಲಿನ ರಬ್ಬರ್ ಟೊಪ್ಪಿಗೆಗಳನ್ನು ತೊಡಿಸಬಹುದು.

ಸಿದ್ಧವಾದ ಮುಕ್ಕಾಲಿಯ ಮೇಲೆ ೨೫ ಕಿಲೋ ಅಕ್ಕಿಯ ಮೂರು ಮೂಟೆಗಳನ್ನು ಒಂದಿರುಳು ಹೇರಿಟ್ಟು ನೋಡಿದೆನು. ಹೊಲಿಗೆ ಕದಲಲಿಲ್ಲ. ಅದನ್ನು ಕಣ್ಣಾರೆ ಕಂಡಮೇಲೆಯೇ ಮನೆಯಾಕೆಯ ಅಪ್ಪಣೆಯು ಸಡಿಲಿತು. ತೂಕವು ಒಂದು ಕಿಲೋದೊಳಗೆ. ಮಡಿಸಿದರೆ ಕೊಡೆಯಂತೆ ಚೀಲಕ್ಕೆ ಕಟ್ಟಿಕೊಳ್ಳಬಹುದು. ಕೂರುವಾಗ ಒಂದು ಮೂಲೆಯು ತೊಡೆಗಳ ನಡುವೆ ಮುಂದಕ್ಕೆ ಬರಲಿ; ಹಿಂದಕ್ಕೆ ಒರಗಲು ಮಾತ್ರ ಹೋಗಬೇಡಿರಿ.

ಕಳೆದ ಮಾರ್ಗಶಿರದಲ್ಲಿ ಕೊಡಚಾದ್ರಿಯ ಮೇಲೆ ಇದರಲ್ಲಿಯೇ ಕುಳಿತು ಅವಲಕ್ಕಿ ತಿಂದೆನು. ಮೊಮ್ಮಗನು ತನಗೂ ಒಂದು ಬೇಕೆಂದು ಹಟ ಹಿಡಿದಿದ್ದಾನೆ. ಅವನ ಎತ್ತರಕ್ಕೆ ೨೦ ಅಂಗುಲದ ಗಳಗಳು ಸಾಕೆಂದು ತೋರುತ್ತದೆ.