ಗುಡ್ಡ ಹತ್ತಿದ ಆಂಟೆನಾ

"ಬಂತೇನೋ?"

"ಇಲ್ಲ ಚಿಕ್ಕಪ್ಪ!"

"ಈಗ?"

"ಸ್ವಲ್ಪ ಬಂತು... ಹೋಯ್ತು!"

1988ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಮನೆಯ ಭಾನುವಾರಗಳು ಹೀಗೇ ಶುರುವಾಗುತ್ತಿದ್ದವು. ಹೆಂಚಿನ ಮೇಲೆ ಚಿಕ್ಕಪ್ಪ, ಕಿಟಕಿಯಲ್ಲಿ ನಾನು, ಒಳಗೆ ಟಿ.ವಿ. ಮುಂದೆ ಮನೆಮಂದಿಯೆಲ್ಲ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ರಸ್ತೆಯಿಂದ ಒಳಗೆ, ಕಾಫಿ ತೋಟದ ನಡುವೆ ನಮ್ಮ ಮನೆ. ಮೂರು ಕಡೆ ಗುಡ್ಡ, ಒಂದು ಕಡೆ ಗದ್ದೆ.

ಆ ತಿಂಗಳ 2ನೇ ತಾರೀಕು ದೂರದರ್ಶನದಲ್ಲಿ 'ಮಹಾಭಾರತ' ಧಾರಾವಾಹಿ ಆರಂಭವಾಗಿತ್ತು. ನಮ್ಮ ಅಜ್ಜನಿಗೆ ಕುಮಾರವ್ಯಾಸನ ಭಾರತ ಬಾಯಿಪಾಠ. ಆ ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. ಅವರಿಗಾಗಿಯೇ ಅಪ್ಪ ಸಣ್ಣದೊಂದು ಕಪ್ಪು-ಬಿಳುಪು ಟಿ.ವಿ. ತಂದಿದ್ದರು. ಹಿಂದಿ ನಮಗ್ಯಾರಿಗೂ ಬಾರದು. ಆದರೆ ಅಜ್ಜ ಹೇಳಿದ್ದರು: "ಚಿತ್ರ ಕಾಣ್ಲಿ ಸಾಕು ಮಗ, ಕತೆ ನಾನು ಹೇಳ್ತೀನಿ."

ಚಿತ್ರವೇ ಕಾಣುತ್ತಿರಲಿಲ್ಲ. ಮಾತು ಕೇಳಿಸುತ್ತಿತ್ತು, ತೆರೆಯ ಮೇಲೆ ಮಾತ್ರ ಇರುವೆ ಹರಿದಾಡಿದಂತೆ ಚುಕ್ಕಿ. ಅರ್ಥವಾಗದ ಮಾತು ಬರುತ್ತದೆ, ಅರ್ಥವಾಗುವ ಚಿತ್ರ ಬರುವುದಿಲ್ಲ! ಸಿಗ್ನಲ್ ಕ್ಷೀಣವಾದಾಗ ಮೊದಲು ಕೆಡುವುದು ಚಿತ್ರ, ಧ್ವನಿ ಇನ್ನಷ್ಟು ದೂರ ತಾಳಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ನನಗೊಂದು ಒಗಟು ಕಾಡುತ್ತಿತ್ತು. ಅದೇ ಮನೆಯಲ್ಲಿ ಭದ್ರಾವತಿ ಆಕಾಶವಾಣಿ ಚೆನ್ನಾಗಿ ಕೇಳುತ್ತಿತ್ತಲ್ಲ, ಟಿ.ವಿ.ಗೆ ಏನು ದಾಡಿ? ಉತ್ತರ ಅಲೆಯ ಉದ್ದದಲ್ಲಿದೆ. ಭದ್ರಾವತಿಯ ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದ. ಅವು ನೆಲಕ್ಕೆ ಅಂಟಿಕೊಂಡು ಗುಡ್ಡ ಬಳಸಿ ಬರುತ್ತವೆ. ಟಿ.ವಿ. ಅಲೆಗಳದ್ದು ಕೆಲವೇ ಮೀಟರ್. ಅವು ಹೆಚ್ಚುಕಡಿಮೆ ಟಾರ್ಚಿನ ಬೆಳಕಿನಂತೆ ನೇರ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ನಮ್ಮ ಮನೆ ಆ ನೆರಳಿನಲ್ಲಿತ್ತು.

ಇದು ತಿಳಿಯದೆ ನಾವು ಮಾಡಿದ ಸಾಹಸ ಒಂದೆರಡಲ್ಲ. ಮೊದಲು ಅಡಿಕೆ ಮರದ ಕಂಬ ನೆಟ್ಟು ಆಂಟೆನಾ ಎತ್ತರಿಸಿದೆವು. ಮರುದಿನವೇ ಮಂಗಗಳು ಅದರ ಮೇಲೆ ಉಯ್ಯಾಲೆಯಾಡಿ ಮುಖ ತಿರುಗಿಸಿದವು. ಆಮೇಲೆ ಬೂಸ್ಟರ್ ತಂದು ಟಿ.ವಿ. ಪಕ್ಕದಲ್ಲಿಟ್ಟೆವು. ಇರುವೆಗಳು ಇನ್ನೂ ಜೋರಾದವು! ಆಂಟೆನಾವನ್ನು ಎದುರು ಗುಡ್ಡದ ಕಡೆ ತಿರುಗಿಸಿದಾಗ ಚಿತ್ರವೇನೋ ಬಂತು, ಆದರೆ ಒಬ್ಬೊಬ್ಬರಿಗೂ ಪಕ್ಕದಲ್ಲೊಂದು ಭೂತ. ಗುಡ್ಡಕ್ಕೆ ಬಡಿದು ಮರಳಿದ ಅಲೆ ತುಸು ತಡವಾಗಿ ತಲುಪುವುದರಿಂದ ಹಾಗೆ ಎರಡೆರಡು ಚಿತ್ರ ಮೂಡುತ್ತದೆ. "ಇದ್ರಲ್ಲಿ ಪಾಂಡವರು ಹತ್ತು ಜನ ಆಗ್ತಾರೆ" ಎಂದು ಅಜ್ಜ ಗೋಡೆ ಕಡೆ ತಿರುಗಿ ಮಲಗಿದರು.

ಅದನ್ನು ನೋಡಿ ಅಪ್ಪ ಮೂಡಿಗೆರೆಯಿಂದ ರೇಡಿಯೋ ರಿಪೇರಿ ಮಾಡುವವರೊಬ್ಬರನ್ನು ಕರೆತಂದರು. ಅವರು ಟಿ.ವಿ. ಮುಟ್ಟಲೇ ಇಲ್ಲ. ಟೇಪು ಹಿಡಿದು ಆಂಟೆನಾದ ಕಡ್ಡಿಗಳನ್ನು ಅಳೆದರು. "ಗೌಡ್ರೆ, ಇದು ಬೇರೆ ಚಾನೆಲ್ಲಿನ ಆಂಟೆನಾ" ಎಂದರು. ಪಟ್ಟಣದ ಅಂಗಡಿಯವರು ಕೊಟ್ಟದ್ದನ್ನು ನಾವು ಕಣ್ಣು ಮುಚ್ಚಿ ತಂದಿದ್ದೆವು.

ಕಡ್ಡಿಯ ಅಳತೆಗೆ ಒಂದು ಸುಲಭ ಲೆಕ್ಕವಿದೆ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ವೈರು ಕಟ್ಟುವ ಕಡ್ಡಿ ಅದರ ಅರ್ಧದಷ್ಟಿರಬೇಕು. 4ನೇ ಚಾನೆಲ್ಲಿಗೆ, ಅಂದರೆ ಸುಮಾರು 62 ಮೆಗಾಹರ್ಟ್ಸಿಗೆ, ಅದು 2.4 ಮೀಟರ್. 7ನೇ ಚಾನೆಲ್ಲಿಗೆ, ಅಂದರೆ ಸುಮಾರು 189 ಮೆಗಾಹರ್ಟ್ಸಿಗೆ, 80 ಸೆಂಟಿಮೀಟರ್ ಸಾಕು. ಒಂದರ ಕಡ್ಡಿ ಇನ್ನೊಂದಕ್ಕೆ ಸರಿಹೊಂದದು. ಮೀನಿನ ಮುಳ್ಳಿನಂತಿರುವ ಈ ಆಂಟೆನಾವನ್ನು 1926ರಲ್ಲಿ ಲೋಕಕ್ಕೆ ಪರಿಚಯಿಸಿದವರು ಜಪಾನಿನ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ. ಅದರ ಗಿಡ್ಡ ಕಡ್ಡಿಗಳ ತುದಿ ಪ್ರಸಾರ ಗೋಪುರದ ಕಡೆಗಿರಬೇಕು, ಉದ್ದನೆಯದು ಹಿಂದೆ. ನಾವು ಅದನ್ನೂ ಎಷ್ಟೋ ಸಲ ತಿರುವುಮುರುವು ಮಾಡಿದ್ದೆವು.

ಹೊಸ ಆಂಟೆನಾ ಬಂದ ದಿನ ರಿಪೇರಿಯವರು ಏಣಿ ಕೇಳಲಿಲ್ಲ, ಜೀಪು ಕೇಳಿದರು! ನಮ್ಮ ಟಿ.ವಿ. 12 ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತಿತ್ತು. ಅದನ್ನು ಜೀಪಿನ ಹಿಂದೆ ಇಟ್ಟುಕೊಂಡು ಮನೆ ಹಿಂದಿನ ಗುಡ್ಡ ಹತ್ತಿದೆವು. ಚಿಕ್ಕಪ್ಪ ಆಂಟೆನಾವನ್ನು ಜಾತ್ರೆಯ ಕೊಡೆಯಂತೆ ಹಿಡಿದು ಹೆಜ್ಜೆ ಹೆಜ್ಜೆ ಸರಿಯುತ್ತಿದ್ದರು. ಸಿಲ್ವರ್ ಮರಗಳ ಸಾಲು ದಾಟಿ ಬಂಡೆಯ ಬಳಿ ಬಂದದ್ದೇ ತಡ, ತೆರೆಯ ಮೇಲೆ ವಾರ್ತೆ ಓದುವವರ ಮುಖ ಸ್ಪಷ್ಟವಾಗಿ ಮೂಡಿತು. "ಅಲೆ ಮನೆಗೆ ಬರಲ್ಲ ಅಂದ್ರೆ ನಾವೇ ಅಲೆ ಇದ್ದಲ್ಲಿಗೆ ಬರ್ಬೇಕು ಮಾರಾಯ್ರೆ" ಎಂದರು ಅವರು.

ಅಲ್ಲೇ ಕಬ್ಬಿಣದ ಪೈಪು ನೆಟ್ಟೆವು. ಮಳೆಯಲ್ಲಿ ನೆನೆದರೆ ಸಿಗ್ನಲ್ ನುಂಗುವ ಚಪ್ಪಟೆ ವೈರಿನ ಬದಲು ದುಂಡನೆಯ ಕೇಬಲ್ ಎಳೆದೆವು. ಉದ್ದದ ಕೇಬಲ್ಲಿನಲ್ಲೂ ಸಿಗ್ನಲ್ ಸೊರಗುತ್ತದಲ್ಲ, ಅದಕ್ಕೆ ಕಂಬದ ಮೇಲೆಯೇ ಬೂಸ್ಟರ್ ಕಟ್ಟಿದರು. "ಟಿ.ವಿ. ಪಕ್ಕ ಇಟ್ಟಾಗ ಯಾಕೆ ಕೆಲಸ ಮಾಡ್ಲಿಲ್ಲ?" ಎಂದು ಕೇಳಿದೆ. "ಮಳೆ ಸದ್ದಿನಲ್ಲಿ ಯಾರೋ ಪಿಸುಗುಟ್ಟಿದ್ದನ್ನ ಮೈಕಿನಲ್ಲಿ ಹಾಕಿದ್ರೆ ಮಳೆ ಸದ್ದೂ ದೊಡ್ಡದಾಗುತ್ತೆ. ಪಿಸುಮಾತು ಚೆನ್ನಾಗಿ ಕೇಳೋ ಜಾಗದಲ್ಲೇ ಮೈಕ್ ಇಡ್ಬೇಕು" ಎಂದರು. ಕಂಬದಿಂದ ನೆಲಕ್ಕೆ ಅರ್ತಿಂಗ್ ಕೊಟ್ಟು, ಗುಡುಗು ಕೇಳಿದೊಡನೆ ಟಿ.ವಿ.ಯ ಪ್ಲಗ್ಗನ್ನೂ ಆಂಟೆನಾ ವೈರನ್ನೂ ಕಳಚಿಡಬೇಕೆಂದು ನನಗೆ ತಾಕೀತು ಮಾಡಿದರು. ಆ ಕೆಲಸ ನನ್ನದಾಯಿತು.

ಮುಂದಿನ ಭಾನುವಾರ ಹಜಾರ ತುಂಬಿತ್ತು. ಲೈನಿನ ಮನೆಗಳವರೂ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಅಜ್ಜನಿಗೆ ದಿಂಬು ಒರಗಿಸಿ ಕೂರಿಸಿದೆವು. ತೆರೆಯ ಮೇಲೆ ಭೀಷ್ಮ ಕಾಣಿಸಿಕೊಂಡ, ಒಬ್ಬನೇ, ಭೂತವಿಲ್ಲದೆ. "ಸೌಂಡು ಕಮ್ಮಿ ಮಾಡು ಮಗ" ಎಂದು ಅಜ್ಜ ಕತೆ ಶುರು ಮಾಡಿದರು. ತಿಂಗಳುಗಟ್ಟಲೆ ಹೊರಡದಿದ್ದ ದನಿ ಅಂದು ಅಂಗಳದವರೆಗೆ ಕೇಳಿಸಿತು. ನಡುನಡುವೆ "ನಮ್ಮ ಭಾರತದಲ್ಲಿ ಇದು ಹೀಗಿಲ್ಲ" ಎಂದು ತಿದ್ದುಪಡಿ ಬೇರೆ! ಆಮೇಲೆ ಪ್ರತಿ ಭಾನುವಾರ ಜನ ಬರುತ್ತಿದ್ದದ್ದು ಟಿ.ವಿ. ನೋಡಲೋ ಅಜ್ಜನ ಕತೆ ಕೇಳಲೋ ಹೇಳುವುದು ಕಷ್ಟ.

ಈಗ ಅಜ್ಜನಿಲ್ಲ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರವೂ ಬಹುಮಟ್ಟಿಗೆ ನಿಂತಿದೆ. ಮನೆಯ ತಟ್ಟೆ ಆಂಟೆನಾ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದತ್ತ ಮುಖ ಮಾಡಿದೆ. ಅದಕ್ಕೂ ಆಕಾಶದ ಆ ದಿಕ್ಕು ತೆರೆದಿರಬೇಕು. ಮುಂದೆ ಮರದ ಕೊಂಬೆ ಬೆಳೆದರೆ ಚಿತ್ರ ಮಾಯ.

ಗುಡ್ಡದ ಮೇಲಿನ ಪೈಪು ಮಾತ್ರ ಹಾಗೇ ಇದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಚಿಕ್ಕಪ್ಪನ ಮೊಮ್ಮಗಳು ನೆಟ್‌ವರ್ಕ್ ಹುಡುಕಿಕೊಂಡು ಮನೆಯೆಲ್ಲ ಸುತ್ತಿದಳು. ಕೊನೆಗೆ ಚಿಕ್ಕಪ್ಪನೇ ಅವಳನ್ನು ಗುಡ್ಡಕ್ಕೆ ಕರೆದೊಯ್ದು ಅದೇ ಪೈಪಿಗೆ ಟಾರ್ಪಾಲು ಕಟ್ಟಿಕೊಟ್ಟರು. ಮಳೆ ಹನಿಯುತ್ತಿತ್ತು. ಮೊಣಕಾಲು ನೋವಿಗೆ ಅವರು ಅರ್ಧ ದಾರಿಯಲ್ಲೇ ಕುಳಿತು ಕೂಗಿದರು:

"ಬಂತೇನೇ?"

"ಬಂತು ಅಜ್ಜಾ!"